ಸೋದರತ್ತೆಗೆ ಬೀಳಬೇಕಾದ ಗುದ್ದು

ವಿರೂಪಾಕ್ಷನ ಮೇಲೆ ನನಗೆ ಸಿಟ್ಟಿತ್ತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಶಿವಾನಿ ಮೇಡಂ ಮುಚ್ಚಿಟ್ಟು ಮಾತಾಡಿದರು ಅನ್ನಬಾರದು. ಬೈಲಹೊಂಗಲದ ನಮ್ಮ ಸರಕಾರಿ ಕಚೇರಿಯಲ್ಲಿ ಸಿಬ್ಬಂದಿಯ ರಜೆ, ಸಂಬಳ ನೋಡುವ ಟೇಬಲ್ಲು ನನ್ನದು. ಪಕ್ಕದ ಟೇಬಲ್ಲು ಅವನದು. ಎಷ್ಟೋ ವರ್ಷದಿಂದ ಒಂದೇ ಫ್ಯಾನಿನ ಕೆಳಗೆ ಕುಳಿತವರು. ಅವನ ಡಬ್ಬಿಯಲ್ಲಿ ಯಾವ ಪಲ್ಲೆ ಇದೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳುತ್ತಿದ್ದೆ. ಅದಕ್ಕೇ ಅವನ ಬಗ್ಗೆ ಎಲ್ಲ ಗೊತ್ತು ಎಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಎದ್ದು ಹೋದಾಗ ಅವನು ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಮೇಡಂ, ಮದುವಿ ಆಗಲಾರದಾಂವಗ ಕೂಸಿದ್ರ ರಜಾ ಸಿಗತೈತೇನ್ರಿ?"

"ಯಾರಿಗೆ?"

"ನಮ್ಮ ದೋಸ್ತ ಒಬ್ಬಾಂವ ಅದಾನ್ರಿ. ಸವದತ್ತ್ಯಾಗ ನೌಕರಿ."

ಸವದತ್ತಿಯ ದೋಸ್ತನ ಸಲುವಾಗಿ ಬೈಲಹೊಂಗಲದವನ ಕಿವಿ ಯಾಕೆ ಕೆಂಪಾಗಬೇಕು? ಆದರೂ ಕೇಳಿದ್ದಕ್ಕೆ ಉತ್ತರ ಕೊಟ್ಟೆ.

"ಹೆಂಡ್ತಿ ಹಡದ್ರ ಗಂಡಗ ಕೊಡೂ ರಜಾ ಅವಗ ಸಿಗೂದಿಲ್ಲ. ಹೆಂಡ್ತೀನ ಇಲ್ಲಂದ ಮ್ಯಾಲೆ ಹೆರಿಗಿ ಯಾರದು? ಆದ್ರ ಕೂಸು ನೋಡಿಕೊಳ್ಳಾಕ ಅಂತ ಬ್ಯಾರೆ ರಜಾ ಐತಿ. ಮೊದಲ ಹೆಣ್ಣಮಕ್ಕಳಿಗಷ್ಟ ಇತ್ತು, ಈಗ ಒಬ್ಬಂಟಿ ಅಪ್ಪಗೂ ಕೊಟ್ಟಾರ. ಹೆಂಡ್ತಿ ಸತ್ತಾಂವ, ಬಿಟ್ಟಾಂವ, ಮದುವೀನ ಆಗಲಾರದಾಂವ, ಯಾರಾದ್ರೂ ನಡಿತೈತಿ. ಆರು ತಿಂಗಳ ತನಕ."

"ಮದುವಿ ಆಗಲಾರದಾಂವನೂ?"

"ಆಂವನೂ. ಆದ್ರ ಕೂಸು ಅವಂದ ಆಗಿರಬೇಕು, ಅವನ ಹತ್ರ ಇರಬೇಕು, ಆಂವನ ನೋಡಿಕೊಳ್ಳತಿರಬೇಕು. ಹಂಗಂತ ಸಾಹೇಬ್ರ ಮುಂದ ಹೇಳಬೇಕು."

"ಹೇಳಲೇಬೇಕೇನ್ರಿ?"

"ನನ್ನ ಮಗ ಅಂತ ಹೇಳಲಾರದಾಂವ ಅಪ್ಪ ಹೆಂಗ ಆಗತಾನ?"

ಅವನ ಕಣ್ಣು ತುಂಬಿಕೊಂಡವು. ದೋಸ್ತನ ಕತೆ ಅಲ್ಲಿಗೇ ಮುಗಿಯಿತು. ಆಮೇಲೆ ಹೇಳಿದ್ದೆಲ್ಲ ತನ್ನದೇ.

ಅವಳ ಹೆಸರು ಪ್ರಜ್ಞಾ. ದೊಡವಾಡದವಳು. ಕಿತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಇವನು ಕಚೇರಿ ಕೆಲಸದ ಮೇಲೆ ಕಿತ್ತೂರಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ಪರಿಚಯ. ಪರಿಚಯ ಬೆಳೆಯಿತು, ಮದುವೆ ಮಾತು ಮಾತ್ರ ಬೆಳೆಯಲಿಲ್ಲ. ಅವಳ ಮನೆಯವರು ಬೌದ್ಧರು. ಇವನ ತಾಯಿ ಕೆಂಚವ್ವ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡಿ, ಕಣ್ಣು ಮುಚ್ಚಿ ವಚನ ಹೇಳುವವಳು. ಎಲ್ಲರೂ ಒಂದೇ ಎನ್ನುವ ವಚನಗಳೇ ಅವು. ಆದರೆ ಆ ಓಣಿಯ ಹುಡುಗಿ ತನ್ನ ಒಲೆಯ ಮುಂದೆ ನಿಲ್ಲುವುದು ಮಾತ್ರ ಬೇಡ. ಇವನು ತಾಯಿಗೆ ಎದುರಾಡಲಿಲ್ಲ, ಪ್ರಜ್ಞಾಳನ್ನೂ ಬಿಡಲಿಲ್ಲ. ಅವ್ವನ ಕಣ್ಣಿನ ಆಪರೇಶನ್ ಆಗಲಿ, ಅಕ್ಕನಿಗೆ ಒಂದು ಕೂಸಾಗಲಿ, ತಡಿ, ಇನ್ನೊಂದು ಸ್ವಲ್ಪ ತಡಿ. ತಡೆದೂ ತಡೆದೂ ಅವಳು ಬಸುರಿಯಾದಳು. ಆಗಲೂ ತಡಿ ಎಂದನಂತೆ.

ಧಾರವಾಡದಲ್ಲಿ ಹೆರಿಗೆಯಾಯಿತು. ಗಂಡು ಕೂಸು. ರಕ್ತ ನಿಲ್ಲಲಿಲ್ಲ, ಮರುದಿನ ಬೆಳಗಾಗುವಷ್ಟರಲ್ಲಿ ಪ್ರಜ್ಞಾ ಹೋದಳು. ಡಾಕ್ಟರು ಹೊರಗೆ ಬಂದು ಇವರ ಯಜಮಾನರು ಯಾರು ಎಂದು ಕೇಳಿದರು. ವಿರೂಪಾಕ್ಷ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಅವಳ ಅಪ್ಪ ಸತ್ಯಪ್ಪ ತಿರುಗಿ ಇವನ ಮುಖ ನೋಡಿದ, ಬಹಳ ಹೊತ್ತು ನೋಡಿದ. ಇವನ ನಾಲಿಗೆ ಹೊರಳಲಿಲ್ಲ. ಕೊನೆಗೆ ಸತ್ಯಪ್ಪನೇ ಮುಂದೆ ಹೋಗಿ, "ಆಕಿ ಅಪ್ಪ ಅದೀನ್ರಿ ನಾ" ಅಂದನಂತೆ.

ಇದನ್ನು ಹೇಳುವಾಗ ವಿರೂಪಾಕ್ಷ ನನ್ನ ಕಡೆ ನೋಡಲಿಲ್ಲ. ಟೇಬಲ್ಲಿನ ಮೇಲಿನ ಸ್ಟೇಪ್ಲರನ್ನು ನೋಡುತ್ತಿದ್ದ. ನನಗೆ ಬಂದದ್ದು ಮರುಕ ಇರಬೇಕು ಎಂದುಕೊಂಡೆ. ಅಲ್ಲ, ಸಿಟ್ಟು.

"ಸತ್ಯಪ್ಪ ಕಾಕಾ ಕೂಸು ಒಯ್ಯಿ ಅಂದಾರ್ರಿ. ಅವರ ಹೆಂಡ್ತಿ ಕೃಷ್ಣವ್ವಗ ಮೊಣಕಾಲು ನೋವು, ಎತ್ತಿ ಇಳಿಸಾಕ ಆಗೂದಿಲ್ಲ. ಆದ್ರ ನಿಂದು ಅಂತ ನಾಕು ಮಂದಿ ಮುಂದ ಹೇಳಿ ಒಯ್ಯಿ, ನನ್ನ ಮಗಳ ಕೂಸು ಕಳವಿನ ಮಾಲಲ್ಲ ಅಂದ್ರು."

"ಖರೇನ ಅಂದಾರ. ಸಾಹೇಬ್ರು ಒಳಗ ಅದಾರ. ಹೋಗ್ರಿ, ಈಗ ಹೇಳ್ರಿ."

ಎದ್ದ. ಅಂಗಿ ಸರಿ ಮಾಡಿಕೊಂಡ. ಸಾಹೇಬರ ಕೋಣೆಯ ಬಾಗಿಲು ತೆರೆದೇ ಇರುತ್ತದೆ, ನನ್ನ ಕುರ್ಚಿಗೆ ಎಲ್ಲ ಕೇಳಿಸುತ್ತದೆ. ಅಷ್ಟರಲ್ಲಿ ಚಹಾಕ್ಕೆ ಹೋದವರು ಹಲ್ಲಿಗೆ ಕಡ್ಡಿ ಆಡಿಸುತ್ತ ವಾಪಸು ಬಂದರು. ಅವನು ಒಮ್ಮೆ ತಿರುಗಿ ಅವರನ್ನು ನೋಡಿದ.

"ಏನಪಾ ವಿರೂಪಾಕ್ಷ?" ಎಂದರು ಸಾಹೇಬರು.

"ಸರ್… ಐತವಾರ ನಮ್ಮ ಅಕ್ಕನ ಕೂಸಿನ ತೊಟ್ಟಲ ಐತ್ರಿ. ಶನಿವಾರ ಒಂದ ದಿನ ರಜಾ ಬೇಕಾಗಿತ್ತು."

"ಮೀನಾಗ ಕೂಸಾತೇನು! ಲೇ, ಪೇಢೆ ಎಲ್ಲದಾವು?"

ಕಚೇರಿಗೆ ಕಚೇರಿಯೇ ಅವನ ಬೆನ್ನು ತಟ್ಟಿತು. ನಾನು ಮಾತ್ರ ಬಾಯಿ ತೆರೆದುಕೊಂಡು ಕುಳಿತಿದ್ದೆ. ಅವನ ಅಕ್ಕ ಮೀನಾಳನ್ನು ರಾಮದುರ್ಗಕ್ಕೆ ಕೊಟ್ಟಿದ್ದರು. ಗಂಡ ಶ್ರೀಶೈಲನದು ಸೀರೆ ಅಂಗಡಿ. ಮದುವೆಯಾಗಿ ಹತ್ತು ವರ್ಷವಾದರೂ ಅವಳಿಗೆ ಮಕ್ಕಳಿಲ್ಲ ಎನ್ನುವುದು ನಮಗೆಲ್ಲ ಗೊತ್ತಿದ್ದದ್ದೇ. ಸಂಜೆ ಗೇಟಿನ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದೆ.

"ಯಾವ ಅಕ್ಕ? ಯಾವ ಕೂಸು?"

ಅದು ಕೆಂಚವ್ವನ ಹೂಟ. ಕೂಸನ್ನು ದೊಡವಾಡದಿಂದ ಆಗಲೇ ಮನೆಗೆ ತಂದಿದ್ದರು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಮೀನಾ ತಾಯಿಯ ಕಣ್ಣಿನ ಆಪರೇಶನ್ ನೆಪದಲ್ಲಿ ಬಂದು ತವರಿನಲ್ಲೇ ಉಳಿದಿದ್ದಳು. ಹಡೆದದ್ದು ಧಾರವಾಡದಲ್ಲಿ, ದೃಷ್ಟಿಯಾಗಬಾರದೆಂದು ಯಾರಿಗೂ ಹೇಳಲಿಲ್ಲ, ತೂಕ ಕಡಿಮೆಯೆಂದು ಕೂಸನ್ನು ಅಲ್ಲೇ ಇಟ್ಟಿದ್ದರು ಎಂದು ಕೆಂಚವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. ಯಾರೂ ನಂಬಲಿಲ್ಲ, ಯಾರೂ ಕೇಳಲೂ ಇಲ್ಲ. ಮೀನಾಳಿಗೆ ಕೂಸು ಸಿಗುತ್ತದೆ, ಮನೆತನದ ಮಾನ ಉಳಿಯುತ್ತದೆ, ಮಗನಿಗೆ ನಾಳೆ ತಮ್ಮವರಲ್ಲೇ ಹೆಣ್ಣು ತರಬಹುದು. ವಿರೂಪಾಕ್ಷ ಬರೀ ಸೋದರಮಾವ. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮರುದಿನ ಮೀನಾ ಕೂಸನ್ನು ರಾಮದುರ್ಗಕ್ಕೆ ಕರೆದೊಯ್ಯುವವಳು, ಶ್ರೀಶೈಲನೂ ಒಪ್ಪಿದ್ದ.

"ಸತ್ಯಪ್ಪಗ ಏನಂತ ಹೇಳಿ ಕೂಸು ತಂದ್ರಿ?"

"ನಮ್ಮ ಮನ್ಯಾಗ ಬೆಳಿತಾನ ಅಂತ್ರಿ."

"ನಿಮ್ಮ ಮಗನಾಗಿ ಅಂತ ತಿಳಕೊಂಡ್ರು."

ಅವನು ಗೇಟಿನ ಅಗುಳಿಯನ್ನು ಹಿಂದೆ ಮುಂದೆ ಎಳೆದ.

"ಎಲ್ಲಾ ಮಾಡಿ ಮುಗಿಸಿದ ಮ್ಯಾಲೆ ನನ್ನ ಹತ್ರ ರಜಾ ಯಾಕ ಕೇಳಿದ್ರಿ?"

"ಅಕ್ಕ ಎತಗೊಂಡ್ರ ಅಳತೈತ್ರಿ ಅದು. ನಾ ಎತಗೊಂಡ್ರ ಸುಮ್ಮನಾಗತೈತಿ," ಎಂದ. "ಐತವಾರದೊಳಗ ಹೇಳಿದ್ರ ನನ್ನ ಹತ್ರಾನ ಉಳಿತಿತ್ತು. ಬಾಯಿಗೆ ಬರೂದಿಲ್ರಿ ಮೇಡಂ. ನಾಚಿಕಿ ಆಗತೈತಿ."

"ಕೂಸಿನ್ನ ಕಂಡ್ರ ನಾಚಿಕಿ?"

"ನನ್ನ ಕಂಡ್ರ ನನಗ."

ಶನಿವಾರ ಕಚೇರಿ ಮುಗಿದ ಮೇಲೆ ನಾನು ದೊಡವಾಡದ ಬಸ್ಸು ಹತ್ತಿದೆ. ಬೇರೆಯವರ ಮನೆಯ ವಿಷಯಕ್ಕೆ ನಿನಗೇನು ಎಂದು ನನ್ನ ಗಂಡ ಕೇಳಿದರು. ನನಗೂ ಗೊತ್ತಿಲ್ಲ, ತಡೆಯಲಾಗಲಿಲ್ಲ. ಸತ್ಯಪ್ಪನದು ಸುಟ್ಟ ಮೋಟರುಗಳಿಗೆ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ, ಹಿಂದೆಯೇ ಮನೆ. ನಾಳೆ ಕೂಸಿನ ತೊಟ್ಟಿಲು, ಬರಬೇಕು ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವನ ಬಾಯಿಂದಲೇ ಕೇಳಲಿ.

"ನಮ್ಮನ್ನ ಕರಿ ಅಂತ ಆಂವನ ಹೇಳಿ ಕಳಿಸ್ಯಾನೇನ್ರಿ?" ಎಂದು ಕೃಷ್ಣವ್ವ ಕೇಳಿದಳು. ಅವಳ ಮುಖ ಅರಳಿದ್ದನ್ನು ನೋಡಿ ನಾನು ಹೂಂ ಎಂದೆ.

ಭಾನುವಾರ ಕೆಂಚವ್ವನ ಪಡಸಾಲೆ ಹೆಂಗಸರಿಂದ ತುಂಬಿತ್ತು. ತೊಲೆಗೆ ತೊಟ್ಟಿಲು ಕಟ್ಟಿದ್ದರು. ಮೀನಾ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಥೇಟು ಬಾಣಂತಿಯಾಗಿ ಕುಳಿತಿದ್ದಳು. ತಲೆ ಎತ್ತಿ ಯಾರನ್ನೂ ನೋಡುತ್ತಿರಲಿಲ್ಲ. ನಾನು ಸತ್ಯಪ್ಪ, ಕೃಷ್ಣವ್ವರನ್ನು ಕರೆದುಕೊಂಡು ಒಳಗೆ ಬಂದದ್ದನ್ನು ಕಂಡು ವಿರೂಪಾಕ್ಷ ಕೈಯಲ್ಲಿದ್ದ ನೀರಿನ ಚರಿಗೆಯನ್ನು ಕೆಳಗಿಟ್ಟು ಗೋಡೆಯ ಕಡೆಗೆ ಸರಿದ.

"ಇವರ‍್ಯಾರಪಾ?" ಎಂದು ಪಕ್ಕದ ಮನೆಯ ರಾಮವ್ವ ಅವನನ್ನೇ ಕೇಳಿದಳು. ಎಂಬತ್ತು ದಾಟಿದ ಮುದುಕಿ, ಕೇಳದೆ ಬಿಡುವವಳಲ್ಲ.

"ಅವರು… ಕೂಸು ನೋಡಿಕೊಳ್ಳಾಕ ಇಟ್ಟಿದ್ವಿ ಆಯೀ. ದೊಡವಾಡದವರು."

ಸತ್ಯಪ್ಪನಿಗೆ ಕೇಳಿಸಿತು. ಕೃಷ್ಣವ್ವನಿಗೂ ಕೇಳಿಸಿತು. ಕೂಸಿನ ತಲೆಗೆಂದು ತಂದ ಹೊಸ ಕುಂಚಿಗೆಯನ್ನು ಸೆರಗಿನ ಒಳಗೆ ಹಿಡಿದುಕೊಂಡಿದ್ದಳು, ಅದನ್ನು ಹೊರಗೆ ತೆಗೆಯಲೇ ಇಲ್ಲ. ಇಬ್ಬರೂ ಬಾಗಿಲ ಹತ್ತಿರದ ಚಾಪೆಯ ಅಂಚಿನಲ್ಲಿ ಕುಳಿತರು. ಅವರನ್ನು ಕರೆತಂದ ನನಗೆ ನೆಲ ಬಾಯ್ದೆರೆದರೆ ಸಾಕಾಗಿತ್ತು.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ. ಅವಳು ಬಗ್ಗಿ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಮುಟ್ಟಿದ ಹಾಗೆ ಮಾಡಿದರೆ ಆಗದು, ಸದ್ದು ಬರಬೇಕು. ಅತ್ತಿಗೆ ನಾದಿನಿಯರ ಹಳೆಯ ಸಿಟ್ಟೆಲ್ಲ ಅವತ್ತು ನಗುನಗುತ್ತ ತೀರುತ್ತದೆ. ಗುದ್ದಿಸಿಕೊಳ್ಳಲು ಶ್ರೀಶೈಲನ ತಂಗಿ ಶಟ್ಟೆವ್ವ ರಾಮದುರ್ಗದಿಂದ ಬಂದು ರೇಷ್ಮೆ ಸೀರೆ ಉಟ್ಟು ಸಿದ್ಧಳಾಗಿದ್ದಳು.

ಸೋಬಾನೆ ಮುಗಿಯಿತು. ಶಟ್ಟೆವ್ವ ತೊಟ್ಟಿಲಿಗೆ ಬಗ್ಗಿದಳು. ಕೂಸು ಕಿರುಚಿಕೊಂಡಿತು. ಅದರ ತಲೆ ಹಿಡಿಯಲು ಈ ಕಡೆಯಿಂದ ಮೀನಾಳೂ ಬಗ್ಗಿದಳು. ಹೆಂಗಸರು ಹೋ ಎಂದು ಮುಷ್ಟಿ ಎತ್ತಿದರು. ಎಲ್ಲರಿಗಿಂತ ಮುಂದೆ ಕೆಂಚವ್ವ, ಬಾಯ್ತುಂಬ ನಗುತ್ತ. ಅವಳ ಮುಷ್ಟಿ ದಬ್ ದಬ್ ಎಂದು ಬಿದ್ದದ್ದು ಶಟ್ಟೆವ್ವನ ಬೆನ್ನಿಗಲ್ಲ, ಸ್ವಂತ ಮಗಳು ಮೀನಾಳ ಬೆನ್ನಿಗೆ.

ಮಗನ ಕೂಸಿಗೆ ಮಗಳು ಹೆಸರಿಡುವ ದಿನ ಮಗಳ ಬೆನ್ನಿಗೆ ಗುದ್ದಬೇಕು ಎಂಬುದು ಆ ತಾಯಿಯ ಬಹಳ ದಿನದ ಆಸೆಯಾಗಿದ್ದಿರಬೇಕು. ಬಾಯಿಗೆ ಸುಳ್ಳು ಕಲಿಸಿದ್ದಳು, ಕೈಗೆ ಕಲಿಸುವುದನ್ನು ಮರೆತಿದ್ದಳು.

"ಏ ಕೆಂಚವ್ವಾ," ಎಂದಳು ರಾಮವ್ವ, "ಹಸಿ ಬಾಣಂತಿ ಬೆನ್ನಿಗೆ ಯಾರರೆ ಗುದ್ದತಾರೇನ? ಸೋದರತ್ತಿ ಆ ಕಡೆ ಅದಾಳಲ್ಲ."

ನಗು ನಿಂತಿತು. ಕೆಂಚವ್ವ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಮುಖ ಬಿಳುಚಿತು. ಒಬ್ಬೊಬ್ಬರಾಗಿ ಹೆಂಗಸರು ಮೀನಾಳಿಂದ ಕಣ್ಣು ತೆಗೆದು ಗೋಡೆಯ ಹತ್ತಿರ ನಿಂತ ವಿರೂಪಾಕ್ಷನನ್ನು ನೋಡಿದರು. ಸತ್ಯಪ್ಪನೂ ನೋಡಿದ. ಹೇಳು, ಈಗಲಾದರೂ ಹೇಳು ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ. ಒಂದು ಮಾತು ಸಾಕಾಗಿತ್ತು. ಕೂಸು ಅವನದೇ ಆಗುತ್ತಿತ್ತು.

"ಅವ್ವಗ ಕಣ್ಣು ಸರಿ ಕಾಣೂದಿಲ್ರಿ," ಎಂದ ವಿರೂಪಾಕ್ಷ. "ಆಪರೇಶನ್ ಆಗೇತಿ."

ಮೀನಾ ನೆಟ್ಟಗಾದಳು. ಕಿವಿಯ ಹತ್ತಿ ಕಿತ್ತು ಕೆಳಗೆ ಹಾಕಿದಳು. "ಅವ್ವನ ಕಣ್ಣು ಛಲೋ ಕಾಣತಾವು," ಎಂದಳು. "ಸೋದರತ್ತಿ ನಾನ. ನಾ ಹಡದಿಲ್ಲ ಇದನ್ನ." ಕೂಸನ್ನು ಎತ್ತಿಕೊಂಡು ಒಮ್ಮೆ ಎದೆಗೆ ಒತ್ತಿಕೊಂಡಳು. ಹತ್ತು ವರ್ಷ ಹರಕೆ ಹೊತ್ತವಳಿಗೆ ಅದನ್ನು ಬಿಡುವುದು ಎಷ್ಟು ಕಷ್ಟವಾಯಿತು ಎಂಬುದು ಅವಳ ಕೈಗಳಲ್ಲಿ ಕಾಣುತ್ತಿತ್ತು. ಹೆಂಗಸರ ನಡುವಿನಿಂದ ಬಾಗಿಲ ತನಕ ಹೋಗಿ ಕೃಷ್ಣವ್ವನ ಉಡಿಯಲ್ಲಿ ಹಾಕಿದಳು. "ನನಗ ಕೂಸು ಬೇಕಾಗಿತ್ತು ಯವ್ವಾ. ಹಿಂಗ ಬ್ಯಾಡಾಗಿತ್ತು. ತಪ್ಪಾತು."

ಸತ್ಯಪ್ಪ ಎದ್ದ. ವಿರೂಪಾಕ್ಷನ ಎದುರಿಗೆ ಬಂದು ನಿಂತ. ಬೈಯುತ್ತಾನೆ ಎಂದುಕೊಂಡೆವು.

"ಆಸ್ಪತ್ರ್ಯಾಗೂ ಹಿಂಗ ನಿಂತಿದ್ದಿ," ಎಂದಷ್ಟೇ ಹೇಳಿ ಹೆಂಡತಿಯ ಕೈ ಹಿಡಿದು ಎಬ್ಬಿಸಿದ. ಕೂಸನ್ನು ಕರೆದುಕೊಂಡು ಹೋದರು. ತಡೆಯುವ ಬಾಯಿ ಆ ಮನೆಯಲ್ಲಿ ಯಾರಿಗಿತ್ತು?

ಸೋಮವಾರ ವಿರೂಪಾಕ್ಷ ಕಚೇರಿಗೆ ಬಂದ. ನಿದ್ದೆ ಮಾಡಿದ ಮುಖವಲ್ಲ. ಎಲ್ಲರೂ ತಮ್ಮ ತಮ್ಮ ಕುರ್ಚಿಯಲ್ಲಿ ಇದ್ದಾಗಲೇ ನೆಟ್ಟಗೆ ಸಾಹೇಬರ ಕೋಣೆಗೆ ಹೋದ.

"ಸರ್, ನನಗ ಮಗ ಅದಾನ್ರಿ. ಅವರವ್ವ ಪ್ರಜ್ಞಾ ತೀರಿಕೊಂಡಾಳ್ರಿ. ನಾ ಆಕಿನ್ನ ಮದುವಿ ಆಗಿರಲಿಲ್ಲ. ಕೂಸು ಅಕ್ಕಂದಲ್ಲ, ನಂದು. ಅವನ್ನ ನೋಡಿಕೊಳ್ಳಾಕ ರಜಾ ಬೇಕ್ರಿ."

ಧ್ವನಿ ಎಲ್ಲರಿಗೂ ಕೇಳಿಸುವಷ್ಟಿತ್ತು. ಸಾಹೇಬರು ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ಕುತ್ತಿಗೆ ಹಿಡಿಯುವವರಲ್ಲ.

"ಕುಂಡ್ರಪಾ. ರಜಾಕ್ಕ ಅಡ್ಡಿ ಏನೂ ಇಲ್ಲ. ಕೂಸು ಈಗ ಎಲ್ಲೈತಿ?"

ಮನೆಯಲ್ಲಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಸುಳ್ಳು ಅವನಿಗೆ ಹೊಸದೇನೂ ಅಲ್ಲ.

"ದೊಡವಾಡದಾಗ್ರಿ. ಅಜ್ಜ ಅಜ್ಜಿ ಹತ್ರ. ಅವರು ವಾಪಸ್ ಒಯ್ದಾರ್ರಿ."

ಸಾಹೇಬರು ನನ್ನ ಕಡೆ ನೋಡಿದರು. ನಿಯಮ ಹೇಳಬೇಕಾದವಳು ನಾನು. ಅವನೂ ತಿರುಗಿ ನನ್ನನ್ನೇ ನೋಡಿದ. "ಕೂಸು ಇವರ ಹತ್ರ ಇರಬೇಕ್ರಿ ಸರ್," ಎಂದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಕೂಸು ನಿನ್ನ ಕೈಯಾಗ ಬಂದ ದಿನ ಬಾ ತಮ್ಮಾ. ಅವತ್ತ ಕೊಡತೇನಿ," ಎಂದರು ಸಾಹೇಬರು.

ಮುಂದಿನ ಭಾನುವಾರ ದೊಡವಾಡದಲ್ಲಿ ಕೂಸಿಗೆ ಹೆಸರಿಟ್ಟರು. ಕೃಷ್ಣವ್ವ ನನ್ನನ್ನು ಕರೆದಿದ್ದಳು. ಸೋದರತ್ತೆ ಬೇಕೇ ಬೇಕು ಎಂದು ಮೀನಾಳನ್ನೂ ಕರೆಸಿದ್ದಳು, ಅದು ಅವಳ ದೊಡ್ಡ ಮನಸ್ಸು. ವಿರೂಪಾಕ್ಷನನ್ನು ಕರೆದಿರಲಿಲ್ಲ. ಅವನು ಬಂದಿದ್ದ. ಒಳಗೆ ಬರುವ ಧೈರ್ಯವಿಲ್ಲದೆ ಅಂಗಡಿಯ ಮುಂದಿನ ಕಟ್ಟೆಯ ಹತ್ತಿರ ನಿಂತೇ ಇದ್ದ. ಸತ್ಯಪ್ಪ ಅವನನ್ನು ಕಂಡೂ ಕಾಣದವನ ಹಾಗೆ ಅಂಗಡಿಯಲ್ಲಿ ಕುಳಿತು ಮೋಟರಿಗೆ ತಂತಿ ಸುತ್ತುತ್ತಿದ್ದ.

ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿದರು. ಮೀನಾ ತೊಟ್ಟಿಲಿಗೆ ಬಗ್ಗಿ ಸಾಗರ ಎಂದಳು. ಪ್ರಜ್ಞಾ ಬಸುರಿಯಿದ್ದಾಗಲೇ ಆರಿಸಿಟ್ಟ ಹೆಸರಂತೆ. ಆ ಓಣಿಯ ಹೆಂಗಸರು ಯಾವ ಮುಲಾಜೂ ಇಲ್ಲದೆ ಗುದ್ದಿದರು. ಮೀನಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಮಗನ ಹೆಸರು ಏನೆಂಬುದು ಬೀದಿಯಲ್ಲಿ ನಿಂತಿದ್ದ ಅಪ್ಪನಿಗೆ ಕೇಳಿಸಿತು.

ಊಟ ಮುಗಿಯುವ ಹೊತ್ತಿಗೆ ಕೃಷ್ಣವ್ವ ಕುಂಟುತ್ತ ಹೊರಗೆ ಬಂದಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಒಳಗೆ ಹೋಗಿ ಕೂಸಿನ ಹೊಲಸು ಬಟ್ಟೆಗಳ ಬಕೆಟ್ಟು ತಂದು ಅವನ ಕಾಲ ಹತ್ತಿರ ಇಟ್ಟು, ತಿರುಗಿ ಒಳಗೆ ಹೋದಳು.

ನಳ ಇದ್ದದ್ದು ರಸ್ತೆಯ ಬದಿಗೆ, ಅಂಗಡಿಯ ಎದುರಿಗೇ. ಮೋಟರು ಒಯ್ಯಲು ಬಂದ ಗಂಡಸರು, ಉಂಡು ಎದ್ದ ನೆಂಟರು, ಎಲ್ಲರ ಕಣ್ಣೂ ಅಲ್ಲಿಯೇ. ವಿರೂಪಾಕ್ಷ ಸ್ವಲ್ಪ ಹೊತ್ತು ಬಕೆಟ್ಟನ್ನೇ ನೋಡಿದ. ಆಮೇಲೆ ಪ್ಯಾಂಟು ಮಡಚಿ, ಕುಕ್ಕರುಗಾಲಿನಲ್ಲಿ ಕುಳಿತು ಒಗೆಯತೊಡಗಿದ. ಒಗೆದು ರೂಢಿಯಿಲ್ಲದ ಕೈ. ಸಾಬೂನು ಎರಡು ಸಲ ಜಾರಿ ಗಟಾರದ ಕಡೆಗೆ ಹೋಯಿತು.

ಕೊಡ ತುಂಬಲು ಬಂದ ಬಾಯವ್ವ ಎಂಬ ಮುದುಕಿ ಅವನ ತಲೆಯ ಮೇಲೆ ಬಂದು ನಿಂತಳು. "ಯಾರಪಾ ನೀ? ಯಾರ ಕೂಸಿನ ಬಟ್ಟಿ ಒಗ್ಯಾಕ ಹತ್ತಿ?"

ಅವನು ತಲೆ ತಗ್ಗಿಸಿಕೊಂಡೇ ಏನೋ ಅಂದ.

"ಏನಂದಿ? ಕೇಳಸಲಿಲ್ಲ."

"ನನ್ನ ಮಗನ್ವು, ಯವ್ವಾ," ಎಂದ, ಅಂಗಡಿಗೂ ಕೇಳಿಸುವ ಹಾಗೆ.

ತಂತಿ ಸುತ್ತುತ್ತಿದ್ದ ಸತ್ಯಪ್ಪನ ಕೈ ನಿಂತಿತು. ಅವನು ಈ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ಸುತ್ತತೊಡಗಿತು.

"ಮತ್ತ ಛಂದಂಗ ಹಿಂಡು, ಸಾಬಾನ ಹಂಗ ಐತಿ," ಎಂದು ಬಾಯವ್ವ ಬಕೆಟ್ಟನ್ನು ಕಾಲಿನಿಂದ ಸರಿಸಿ ತನ್ನ ಕೊಡವನ್ನು ನಳದ ಕೆಳಗೆ ಇಟ್ಟಳು.